ಇನ್ನೊಂದು ಮಗು ಬಳಸಿದ ಸಾಮಾನು: ಏನನ್ನು ತೆಗೆದುಕೊಳ್ಳಬಹುದು, ಏನನ್ನು ಬಿಡಬೇಕು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಬೇರೆ ಮಕ್ಕಳು ಬಳಸಿ ಬಿಟ್ಟ ಮಂಚ, ತಳ್ಳುಗಾಡಿ, ಕಾರ್ ಸೀಟ್, ಆಟಿಕೆಗಳನ್ನು ನಮ್ಮ ಮಗುವಿಗೆ ಬಳಸಬಹುದೇ ಎಂದು ಹಲವರು ಕೇಳಿದ್ದಾರೆ. ಮಕ್ಕಳು ಬೇಗ ಬೆಳೆಯುತ್ತಾರೆ. ಅವರ ಸಾಮಾನು ಸವೆಯುವ ಮೊದಲೇ ಅವರಿಗೆ ಚಿಕ್ಕದಾಗಿಬಿಡುತ್ತದೆ. ಅಂಥ ಸಾಮಾನು ಇನ್ನೊಂದು ಮನೆಗೆ ಹೋಗುವುದು ಸಹಜ, ಒಳ್ಳೆಯದೂ ಹೌದು. ಆದರೆ ಎಲ್ಲ ವಸ್ತುಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಮಗು ಈ ವಸ್ತುವಿನಲ್ಲಿ ಒಂಟಿಯಾಗಿ ನಿದ್ರಿಸುತ್ತದೆಯೇ, ಅಥವಾ ಅಪಘಾತದ ಕ್ಷಣದಲ್ಲಿ ಅದರ ಜೀವವನ್ನು ಈ ವಸ್ತುವೇ ಕಾಯಬೇಕೇ ಎಂಬುದನ್ನು ಮೊದಲು ನೋಡಿ. ಹೌದು ಎಂದಾದರೆ ಆ ವಸ್ತು ಯಾವಾಗ ತಯಾರಾಯಿತು, ಯಾರ ಬಳಿ ಇತ್ತು, ಅದಕ್ಕೆ ಏನೇನು ಆಗಿಹೋಗಿದೆ ಎಂಬುದು ತಿಳಿಯದೆ ಅದನ್ನು ಮನೆಗೆ ತರಬಾರದು. ಅಲ್ಲ ಎಂದಾದರೆ ನಿಮ್ಮ ಕಣ್ಣು, ಕೈ ಮತ್ತು ಬಿಸಿನೀರು ಬಹುಮಟ್ಟಿಗೆ ಸಾಕು. ಮುಂದಿನ ಉತ್ತರಗಳನ್ನೆಲ್ಲ ಈ ಎಣಿಕೆಯ ಮೇಲೆಯೇ ಬರೆದಿದ್ದೇನೆ.

ಪ್ರಶ್ನೆ: ಅಂತರ್ಜಾಲದಲ್ಲಿ ಜಾಹೀರಾತು ನೋಡಿ ಒಬ್ಬರನ್ನು ಸಂಪರ್ಕಿಸಿದೆ. ಅವರು ಮಾರುತ್ತಿರುವ ಮಗುವಿನ ಕಾರ್ ಸೀಟ್ ನೋಡಲು ಹೊಸದರಂತೆಯೇ ಇದೆ, ಬಟ್ಟೆಯ ಮೇಲೆ ಒಂದು ಕಲೆಯೂ ಇಲ್ಲ. ಕೈಪಿಡಿ ಮಾತ್ರ ಕಳೆದುಹೋಗಿದೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಬಟ್ಟೆಯ ಸ್ವಚ್ಛತೆ ಈ ವಸ್ತುವಿನ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಕಾರ್ ಸೀಟಿನ ಪ್ಲಾಸ್ಟಿಕ್ ಕವಚ ಮತ್ತು ಅದರೊಳಗಿನ ಗಟ್ಟಿ ಫೋಮ್ ಡಿಕ್ಕಿಯ ಹೊಡೆತವನ್ನು ತಾವು ಹೀರಿಕೊಂಡು ಮಗುವಿಗೆ ತಲುಪದಂತೆ ಮಾಡುವುದಕ್ಕಾಗಿಯೇ ಇವೆ. ಒಮ್ಮೆ ಅಂಥ ಹೊಡೆತ ತಿಂದ ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು, ಫೋಮ್ ಒಳಗೊಳಗೇ ಕುಸಿದಿರಬಹುದು, ಬೆಲ್ಟಿನ ನಾರು ಎಳೆದುಕೊಂಡಿರಬಹುದು; ಹೊರಗಿನ ಬಟ್ಟೆ ಇವೆಲ್ಲವನ್ನೂ ಮುಚ್ಚಿಟ್ಟಿರುತ್ತದೆ. ಎರಡನೆಯ ಅಪಘಾತದಲ್ಲಿ ಆ ಸೀಟ್ ಹೇಗೆ ವರ್ತಿಸುತ್ತದೆ ಎಂಬುದನ್ನು ಮಾರುವವರೂ ಹೇಳಲಾರರು, ತಯಾರಕರೂ ಹೇಳಲಾರರು.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಈ ವಿಷಯದಲ್ಲಿ ಒಂದು ಸ್ಪಷ್ಟವಾದ ಗೆರೆ ಎಳೆದಿದೆ. ಅಪಘಾತದ ನಂತರ ವಾಹನವನ್ನು ಸ್ಥಳದಿಂದ ಚಲಾಯಿಸಿಕೊಂಡು ಹೋಗುವಂತಿರಬೇಕು, ಸೀಟಿಗೆ ಅತಿ ಹತ್ತಿರದ ಬಾಗಿಲು ಜಖಂ ಆಗಿರಬಾರದು, ಒಳಗಿದ್ದ ಯಾರಿಗೂ ಗಾಯವಾಗಿರಬಾರದು, ಏರ್‌ಬ್ಯಾಗ್ ಇದ್ದಲ್ಲಿ ಅದು ತೆರೆದುಕೊಂಡಿರಬಾರದು, ಸೀಟಿನ ಮೇಲೆ ಕಣ್ಣಿಗೆ ಕಾಣುವ ಹಾನಿ ಇರಬಾರದು. ಈ ಐದೂ ಒಟ್ಟಿಗೆ ನಿಜವಾದರೆ ಮಾತ್ರ ಅದನ್ನು ಚಿಕ್ಕ ಅಪಘಾತವೆಂದು ಎಣಿಸಿ ಸೀಟ್ ಮುಂದುವರಿಸಬಹುದು. ಒಂದು ತಪ್ಪಿದರೂ ಸೀಟ್ ಬದಲಿಸಬೇಕು. ಹಲವು ತಯಾರಕರು ಇದಕ್ಕಿಂತ ಕಟ್ಟುನಿಟ್ಟಾಗಿದ್ದು, ಯಾವುದೇ ಅಪಘಾತದ ನಂತರವೂ ಬದಲಿಸಿ ಎಂದೇ ತಮ್ಮ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅಪರಿಚಿತ ಮಾರಾಟಗಾರರೊಬ್ಬರು "ಏನೂ ಆಗಿಲ್ಲ" ಎಂದರೆ ಅದು ನಿಜವೇ ಇರಬಹುದು. ಆದರೆ ಅದನ್ನು ಪರೀಕ್ಷಿಸುವ ದಾರಿ ನಿಮಗಿಲ್ಲ. ಅವರೇ ಎರಡನೆಯ ಮಾಲೀಕರಾಗಿದ್ದರೆ, ಮೊದಲಿನವರ ಕಾಲದಲ್ಲಿ ಏನಾಯಿತೆಂಬುದು ಅವರಿಗೂ ಗೊತ್ತಿರಲಾರದು.

ನಿಮ್ಮ ಸ್ವಂತ ಅಕ್ಕ, ತಮ್ಮ, ಅಥವಾ ನೀವು ಪೂರ್ತಿ ನಂಬುವ ಗೆಳೆಯರು ತಾವೇ ಹೊಸದಾಗಿ ಕೊಂಡು ಬಳಸಿದ ಸೀಟ್ ಕೊಡುತ್ತಿದ್ದರೆ ಮಾತು ಬೇರೆ. ಆಗಲೂ ಮೊದಲು ಸೀಟನ್ನು ತಲೆಕೆಳಗು ಮಾಡಿ, ತಳದಲ್ಲಿ ಅಥವಾ ಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಿ. ಮಾದರಿಯ ಸಂಖ್ಯೆ ಮತ್ತು ತಯಾರಾದ ದಿನಾಂಕ ಅಲ್ಲಿರುತ್ತದೆ. ಚೀಟಿ ಹರಿದುಹೋಗಿದ್ದರೆ ಆ ಸೀಟನ್ನು ಅಲ್ಲಿಗೇ ಬಿಡಿ. ಕಾರಿನೊಳಗಿನ ಬಿಸಿಲು ಮತ್ತು ಚಳಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಪ್ಲಾಸ್ಟಿಕ್ ಕ್ರಮೇಣ ಗಡಸಾಗಿ ಬಲ ಕಳೆದುಕೊಳ್ಳುವುದರಿಂದ, ತಯಾರಕರು ಸಾಮಾನ್ಯವಾಗಿ 6ರಿಂದ 10 ವರ್ಷಗಳ ಬಳಕೆಯ ಅವಧಿಯನ್ನು ಗೊತ್ತುಮಾಡಿರುತ್ತಾರೆ. ಆ ಅವಧಿಯನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ ತಯಾರಾದ ದಿನದಿಂದಲೇ ಹೊರತು ಕೊಂಡ ದಿನದಿಂದಲ್ಲ. ಯುರೋಪಿನ ಮಾನದಂಡ ಪಾಲಿಸುವ ದೇಶಗಳಲ್ಲಿ ಕಿತ್ತಳೆ ಬಣ್ಣದ ಚೀಟಿಯನ್ನು ನೋಡಬೇಕು. ಅದರಲ್ಲಿ ಆರ್44 ಎಂದಿದ್ದರೆ ಅನುಮೋದನೆ ಸಂಖ್ಯೆ 03 ಅಥವಾ 04ರಿಂದ ಆರಂಭವಾಗಿರಬೇಕು. 01 ಅಥವಾ 02 ಇದ್ದರೆ ಆ ಸೀಟಿನ ಬಳಕೆಗೇ ಅಲ್ಲಿ ಅನುಮತಿಯಿಲ್ಲ. 2013ರಲ್ಲಿ ಬಂದ ಆರ್129 ಇದಕ್ಕಿಂತ ಹೊಸ ಮಾನದಂಡ, ಪಕ್ಕದಿಂದ ಆಗುವ ಡಿಕ್ಕಿಯ ಪರೀಕ್ಷೆಯೂ ಅದರಲ್ಲಿ ಸೇರಿದೆ.

ಕೈಪಿಡಿ ಇಲ್ಲದಿರುವುದೊಂದೇ ಕೊರತೆಯಾದರೆ ಚಿಂತಿಸಬೇಕಿಲ್ಲ. ಮಾದರಿಯ ಸಂಖ್ಯೆ ಇದ್ದರೆ ತಯಾರಕರ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಬಹುದು. ಮಗುವನ್ನು ಕಟ್ಟುವ ಬೆಲ್ಟುಗಳನ್ನು ಹೇಗೆ ತೊಳೆದಿದ್ದೀರಿ ಎಂದೂ ಕೊಡುವವರನ್ನು ಕೇಳಿ. ವಾಷಿಂಗ್ ಮೆಷಿನ್, ಬ್ಲೀಚ್ ಮತ್ತು ಕಟುವಾದ ಮಾರ್ಜಕಗಳು ಆ ಬೆಲ್ಟಿನ ನೇಯ್ಗೆಯನ್ನು ಸಡಿಲಗೊಳಿಸುತ್ತವೆ. ಬಹುತೇಕ ಕೈಪಿಡಿಗಳು ಸೌಮ್ಯವಾದ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಲು ಮಾತ್ರ ಒಪ್ಪುತ್ತವೆ. ಅತಿ ಕಾಳಜಿಯಿಂದ ಎಲ್ಲವನ್ನೂ ಬಿಚ್ಚಿ ಮೆಷಿನ್ನಿಗೆ ಹಾಕಿದ ಅಚ್ಚುಕಟ್ಟಿನ ಮನೆಯ ಸೀಟೇ ಕೊಳಕು ಸೀಟಿಗಿಂತ ಹೆಚ್ಚು ಅಪಾಯಕರ ಆಗಿರಬಹುದು ಎಂಬುದು ಇಲ್ಲಿನ ವಿಪರ್ಯಾಸ.

ಹಣ ಉಳಿಸಲೇಬೇಕೆಂದಿದ್ದರೆ ಬೇರೆ ಎಲ್ಲದರಲ್ಲೂ ಉಳಿಸಿ, ಸೀಟನ್ನು ಹೊಸದಾಗಿ ಕೊಳ್ಳಿ. ಮಾನದಂಡ ಕಡ್ಡಾಯವಾಗಿರುವ ಕಡೆ ಅತ್ಯಂತ ಅಗ್ಗದ ಸೀಟೂ ಅತ್ಯಂತ ದುಬಾರಿ ಸೀಟೂ ಅದೇ ಕನಿಷ್ಠ ಡಿಕ್ಕಿ ಪರೀಕ್ಷೆಯನ್ನು ದಾಟಿಯೇ ಅಂಗಡಿಗೆ ಬಂದಿರುತ್ತವೆ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಬಟ್ಟೆಗೆ, ಮೆತ್ತೆಗೆ ಮತ್ತು ಬಳಕೆಯ ಅನುಕೂಲಕ್ಕೆ ಸಲ್ಲುವಂಥದ್ದು.

ಪ್ರಶ್ನೆ: ನನ್ನ ನಾದಿನಿಯ ಮಗ ಮಲಗುತ್ತಿದ್ದ ಮರದ ಕಟಕಟೆ ಮಂಚವನ್ನು ನಮಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಮಂಚ ಗಟ್ಟಿಯಾಗಿದೆ, ಒಂದು ಬದಿಯ ಕಟಕಟೆ ಕೆಳಕ್ಕೆ ಜಾರುತ್ತದೆ, ಒಂದೆರಡು ಸ್ಕ್ರೂ ಇಲ್ಲ. ಬಣ್ಣ ಅಲ್ಲಲ್ಲಿ ಏಳುತ್ತಿರುವುದರಿಂದ ಉಜ್ಜಿ ಮತ್ತೆ ಬಳಿಯೋಣವೆಂದಿದ್ದೇವೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ನೀವು ಬರೆದಿರುವ ಮೂರು ಸಂಗತಿಗಳೂ ಈ ಮಂಚವನ್ನು ನಿರಾಕರಿಸಲು ಬೇರೆ ಬೇರೆಯಾಗಿಯೇ ಸಾಕಾಗುವ ಕಾರಣಗಳು. ನಾದಿನಿಯವರಿಗೆ ಬೇಸರವಾಗದಂತೆ ಹೇಳುವ ಬಗೆಯನ್ನು ನಿಮಗೇ ಬಿಡುತ್ತೇನೆ.

ಜಾರುವ ಕಟಕಟೆಯಿಂದ ಆರಂಭಿಸೋಣ. ಮಗುವನ್ನು ಎತ್ತಿಕೊಳ್ಳಲು ಬಾಗುವ ಶ್ರಮ ತಪ್ಪಲೆಂದು ಮಾಡಿದ ಈ ಏರ್ಪಾಡು ಒಂದು ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿತ್ತು. ಆದರೆ ಅದರ ಪ್ಲಾಸ್ಟಿಕ್ ಕೊಂಡಿಗಳು ಸವೆದಾಗ ಅಥವಾ ಮುರಿದಾಗ ಕಟಕಟೆಯ ಒಂದು ಮೂಲೆ ಮಾತ್ರ ಕಳಚಿಕೊಂಡು, ಹಾಸಿಗೆ ಮತ್ತು ಕಟಕಟೆಯ ನಡುವೆ ತ್ರಿಕೋನಾಕಾರದ ಸಂದು ಬಿಡುತ್ತದೆ. ಹೊರಳಿದ ಮಗು ಆ ಸಂದಿನೊಳಗೆ ಜಾರಿ, ಮೇಲೇಳಲಾಗದೆ ಉಸಿರುಗಟ್ಟುತ್ತದೆ. ಹೀಗೆ 30ಕ್ಕೂ ಹೆಚ್ಚು ಮಕ್ಕಳು ಸತ್ತ ನಂತರ ಅಮೆರಿಕದಲ್ಲಿ 2011ರ ಜೂನ್ 28ರಿಂದ ಇಂಥ ಮಂಚಗಳ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಲಾಯಿತು. ಬಳಸಿದ ಮಂಚವನ್ನು ಮರುಮಾರಾಟ ಮಾಡುವುದಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಕಟಕಟೆಯನ್ನು ಮೊಳೆ ಹೊಡೆದು ಸ್ಥಿರಗೊಳಿಸಿದರಾಯಿತು ಎಂದು ಕೆಲವರು ಹೇಳುವುದುಂಟು. ಆ ಮಂಚದ ಚೌಕಟ್ಟು ಅಂಥ ಜೋಡಣೆಗೆ ರೂಪಿಸಿದ್ದಲ್ಲ. ಮನೆಯ ರಿಪೇರಿ ಸಡಿಲಗೊಂಡಾಗ ಮೊದಲಿನದೇ ಸಂದು ಮತ್ತೆ ತೆರೆದುಕೊಳ್ಳುತ್ತದೆ.

ಸ್ಕ್ರೂಗಳ ವಿಷಯವೂ ಇದಕ್ಕೆ ಸೇರಿದ್ದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಕಣ್ಣಿಗೆ ಅದೇ ಗಾತ್ರವೆನಿಸುವ ಸ್ಕ್ರೂ ಒಂದು ಎಳೆ ಚಿಕ್ಕದಾಗಿದ್ದರೂ ಮಗು ಕಟಕಟೆ ಹಿಡಿದು ಜಿಗಿದಂತೆಲ್ಲ ಸಡಿಲವಾಗುತ್ತ ಹೋಗುತ್ತದೆ. ಬಿಡಿಭಾಗ ಬೇಕಿದ್ದರೆ ತಯಾರಕರಿಂದಲೇ ತರಿಸಬೇಕು; ಸಿಗದಿದ್ದರೆ ಆ ಮಂಚದ ಕಥೆ ಮುಗಿಯಿತು. ಹಲವು ಬಾರಿ ಬಿಚ್ಚಿ ಜೋಡಿಸಿದ ಮಂಚದಲ್ಲಿ ಮರದ ತೂತುಗಳೇ ಅಗಲವಾಗಿರುತ್ತವೆ ಎಂಬುದನ್ನೂ ಮರೆಯಬೇಡಿ.

ಇನ್ನು ಬಣ್ಣ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಬೇರೆ ದೇಶಗಳು ಬೇರೆ ಬೇರೆ ಕಾಲದಲ್ಲಿ ಈ ಹೆಜ್ಜೆ ಇಟ್ಟವು, ಎಷ್ಟೋ ಕಡೆ ಅದು ಇನ್ನೂ ಆಗಿಲ್ಲ. ಹಲ್ಲು ಬರುವ ಕಾಲದಲ್ಲಿ ಮಗು ಕಟಕಟೆಯ ಮೇಲಂಚನ್ನು ಕಚ್ಚದೆ ಬಿಡುವುದಿಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸದ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನೀವು ಯೋಚಿಸಿರುವಂತೆ ಉಜ್ಜುಕಾಗದದಿಂದ ತಿಕ್ಕಿದರೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆ ಧೂಳು ನೆಲದ ಮೇಲೆ, ಬಟ್ಟೆಯ ಮೇಲೆ, ಕೊನೆಗೆ ಮಗುವಿನ ಕೈಯ ಮೂಲಕ ಬಾಯಿಗೆ ಸೇರುತ್ತದೆ. ಗರ್ಭಿಣಿಯರಂತೂ ಆ ಕೆಲಸದ ಹತ್ತಿರವೂ ಸುಳಿಯಬಾರದು.

ಬಳಸಿದ ಮಂಚ ಎಲ್ಲವೂ ಬೇಡವೆಂದು ಇದರ ಅರ್ಥವಲ್ಲ. ಬದಿಗಳೆಲ್ಲ ಸ್ಥಿರವಾಗಿದ್ದು, ವಯಸ್ಸು 10 ವರ್ಷದೊಳಗಿದ್ದು, ಎಲ್ಲ ಬಿಡಿಭಾಗಗಳೂ ಜೋಡಣೆಯ ಸೂಚನೆಗಳೂ ಇರುವ ಮಂಚ ಸಿಕ್ಕರೆ ಒಂದು ಅಳತೆಪಟ್ಟಿ ಹಿಡಿದು ಹೋಗಿ. ಎರಡು ಕಟಕಟೆ ಸರಳುಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಅಗಲವಿದ್ದರೆ ಮಗುವಿನ ದೇಹ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಮೂಲೆಯ ಕಂಬಗಳು ಅಂಚಿನ ಮಟ್ಟಕ್ಕಿಂತ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಮೇಲೆದ್ದಿರಬಾರದು, ಏಕೆಂದರೆ ಅಂಗಿಯ ಕೊರಳು ಅದಕ್ಕೆ ಸಿಕ್ಕಿ ಬಿಗಿಯಬಹುದು. ತಲೆಯ ಕಡೆಯ ಹಲಗೆಯಲ್ಲಿ ಅಂದಕ್ಕೆಂದು ಕೊರೆದ ಕಿಂಡಿಗಳಿದ್ದರೆ ಎಷ್ಟು ಚೆಂದವಿದ್ದರೂ ಬೇಡ. ಮಂಚವನ್ನು ಜೋಡಿಸಿದ ಸ್ಥಿತಿಯಲ್ಲೇ ನೋಡಿ, ನಾಲ್ಕೂ ಬದಿ ಹಿಡಿದು ಚೆನ್ನಾಗಿ ಅಲುಗಾಡಿಸಿ. ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಪ್ರಶ್ನೆ: ಮಂಚದ ಜೊತೆಗೆ ಬರುವ ಹಾಸಿಗೆಯನ್ನೂ ಬಳಸಬಹುದಲ್ಲವೇ? ಜೊತೆಗೆ ಸುತ್ತ ಕಟ್ಟುವ ಮೆತ್ತೆ, ಇಳಿಜಾರಿನ ಮಲಗುಕುರ್ಚಿಯನ್ನೂ ಕೊಡುತ್ತಾರಂತೆ.

ಉತ್ತರ: ಹಾಸಿಗೆಯನ್ನು ಹೊಸದಾಗಿ ಕೊಳ್ಳಿ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದು, ಬಳಸಿದ ಹಾಸಿಗೆಯ ಮೇಲೆ ಮಲಗುವ ಶಿಶುಗಳಲ್ಲಿ, ಅದರಲ್ಲೂ ಬೇರೆ ಮನೆಯಿಂದ ಬಂದ ಹಾಸಿಗೆಯಾಗಿದ್ದರೆ, ನಿದ್ರೆಯಲ್ಲಿ ಹಠಾತ್ತನೆ ಸಾವು ಸಂಭವಿಸುವ ಪ್ರಮಾಣ ಹೆಚ್ಚಿರುವುದನ್ನು ಗುರುತಿಸಿತು. ಹಾಸಿಗೆಯೇ ಸಾವಿಗೆ ಕಾರಣವೆಂದು ಅದು ಸಾಬೀತುಪಡಿಸಲಿಲ್ಲ. ಎರಡರ ನಡುವೆ ಸಂಬಂಧವಿದೆ ಎಂದಷ್ಟೇ ತೋರಿಸಿತು. ಆದರೂ ಹಳೆಯ ಹಾಸಿಗೆ ನಡುವೆ ತಗ್ಗುಬಿದ್ದಿರುವುದು ಎಲ್ಲರೂ ಕಂಡಿರುವ ಸಂಗತಿ. ಆ ತಗ್ಗಿನಲ್ಲಿ ಕವುಚಿ ಬಿದ್ದ ಎಳೆಗೂಸಿಗೆ ಮುಖ ತಿರುಗಿಸುವ ಶಕ್ತಿ ಇರುವುದಿಲ್ಲ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಮಂಚದ ಬದಿಗೂ ಅದಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು.

ಸುತ್ತ ಕಟ್ಟುವ ಮೆತ್ತೆಗಳನ್ನೂ ಇಳಿಜಾರಿನ ಮಲಗುಕುರ್ಚಿಯನ್ನೂ ಉಚಿತವಾಗಿ ಕೊಟ್ಟರೂ ಬೇಡವೆನ್ನಿ. ತಲೆ ಮೇಲಾಗಿ ಮಲಗಿದ ಶಿಶುವಿನ ಗಲ್ಲ ಎದೆಗೆ ಒತ್ತಿಕೊಂಡು ಶ್ವಾಸನಾಳ ಮಡಚಿಕೊಳ್ಳುತ್ತದೆ, ಇಲ್ಲವೇ ಮಗು ಮಗ್ಗುಲಾಗಿ ಮೆತ್ತೆಗೆ ಮುಖ ಒತ್ತಿಕೊಳ್ಳುತ್ತದೆ. ಈ ಬಗೆಯ ಒಂದೇ ಉತ್ಪನ್ನದ ಸುಮಾರು 47 ಲಕ್ಷ ಕುರ್ಚಿಗಳನ್ನು 2019ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. 2022ರಲ್ಲಿ ಬಂದ ಅಲ್ಲಿನ ಕಾನೂನು 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶು ಮಲಗುವ ಸಾಧನಗಳನ್ನೂ ಮಂಚದ ಮೆತ್ತೆಗಳನ್ನೂ ನಿಷೇಧಿಸಿತು. ಅಂಗಡಿಗಳಿಂದ ಕಣ್ಮರೆಯಾದ ಇಂಥ ವಸ್ತುಗಳು ಈಗ ಉಳಿದುಕೊಂಡಿರುವುದು ಬಳಸಿದ ಸಾಮಾನಿನ ಪೇಟೆಯಲ್ಲಿ ಮತ್ತು ಅಟ್ಟಗಳಲ್ಲಿ.

ಪ್ರಶ್ನೆ: ಒಂದು ವಸ್ತುವನ್ನು ಕಂಪನಿ ಹೀಗೆ ವಾಪಸ್ ಪಡೆದಿದೆಯೋ ಇಲ್ಲವೋ ಎಂಬುದು ಸಾಮಾನ್ಯರಾದ ನಮಗೆ ತಿಳಿಯುವುದು ಹೇಗೆ? ಅಪಾಯವಿದ್ದರೆ ಯಾರಾದರೂ ತಿಳಿಸುತ್ತಿರಲಿಲ್ಲವೇ?

ಉತ್ತರ: ತಿಳಿಸುವುದಿಲ್ಲ ಎಂದೇ ಭಾವಿಸಿಕೊಂಡು ನೀವೇ ಹುಡುಕಿ. ಇದಕ್ಕೆ ದುಃಖಕರವಾದ ಒಂದು ನಿದರ್ಶನವಿದೆ. 1998ರ ಮೇ ತಿಂಗಳಲ್ಲಿ ಶಿಕಾಗೋದ ಶಿಶುಪಾಲನಾ ಮನೆಯೊಂದರಲ್ಲಿ ಡ್ಯಾನಿ ಕೀಸರ್ ಎಂಬ ಪುಟ್ಟ ಮಗು ಮಡಚುವ ಮಂಚದಲ್ಲಿ ಮಲಗಿದ್ದಾಗ ಅದರ ಮೇಲಂಚಿನ ಕಂಬಿಗಳು ಮಧ್ಯದಲ್ಲಿ ಕುಸಿದು ವಿ ಆಕಾರಕ್ಕೆ ಬಂದವು. ಮಗುವಿನ ಕೊರಳು ಅದರ ನಡುವೆ ಸಿಕ್ಕಿ ಪ್ರಾಣ ಹೋಯಿತು. ಆ ಮಂಚವನ್ನು ಐದು ವರ್ಷಗಳ ಹಿಂದೆ, 1993ರಲ್ಲೇ, ಅಪಾಯಕಾರಿಯೆಂದು ವಾಪಸ್ ಪಡೆಯಲಾಗಿತ್ತು. ಆ ಸುದ್ದಿ ಅದನ್ನು ಬಳಸುತ್ತಿದ್ದವರಿಗೆ ತಲುಪಿರಲಿಲ್ಲ. ಡ್ಯಾನಿಯ ತಂದೆತಾಯಿಗಳು ಈ ವಿಷಯಕ್ಕಾಗಿಯೇ ಕಿಡ್ಸ್ ಇನ್ ಡೇಂಜರ್ ಎಂಬ ಸಂಸ್ಥೆ ಕಟ್ಟಿದರು. 2008ರ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾನೂನಿನಲ್ಲಿ ಆ ಮಗುವಿನ ಹೆಸರಿನದೇ ಒಂದು ಭಾಗವಿದ್ದು, ಮಂಚ, ತಳ್ಳುಗಾಡಿ ಮುಂತಾದ ಬಾಳಿಕೆ ಬರುವ ಶಿಶು ಸಾಮಾನುಗಳ ಜೊತೆಗೆ ನೋಂದಣಿ ಕಾರ್ಡ್ ಕೊಡುವುದನ್ನು ಅದು ಕಡ್ಡಾಯಗೊಳಿಸಿತು.

ಇಲ್ಲಿ ನಮಗೆ ಮುಖ್ಯವಾದದ್ದು ಆ ಕಾರ್ಡು. ಹೊಸದಾಗಿ ಕೊಂಡವರು ಅದನ್ನು ತುಂಬಿ ಕಳಿಸಿದ್ದರೂ ಎಚ್ಚರಿಕೆಯ ಪತ್ರ ಹೋಗುವುದು ಅವರ ವಿಳಾಸಕ್ಕೆ. ಸಾಮಾನು ಮಾತ್ರ ಅಷ್ಟರಲ್ಲಿ ನಿಮ್ಮ ಮನೆಗೆ ಬಂದಿರುತ್ತದೆ. ಆದ್ದರಿಂದ ಬಳಸಿದ ವಸ್ತು ಕೈಗೆ ಬಂದ ದಿನವೇ ಅದರ ಮಾದರಿ ಸಂಖ್ಯೆ, ತಯಾರಾದ ದಿನಾಂಕಗಳನ್ನು ಬರೆದುಕೊಂಡು ಕಂಪನಿಯ ಜಾಲತಾಣದಲ್ಲಿ ನಿಮ್ಮ ಹೆಸರಿಗೆ ನೋಂದಾಯಿಸಿ. ಹಲವು ಕಂಪನಿಗಳು ಎರಡನೆಯ ಮಾಲೀಕರನ್ನೂ ನೋಂದಾಯಿಸಿಕೊಳ್ಳುತ್ತವೆ. ಕೊಳ್ಳುವ ಮೊದಲು ಹುಡುಕಲು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪಟ್ಟಿ, ಐರೋಪ್ಯ ಒಕ್ಕೂಟದ ಸೇಫ್ಟಿ ಗೇಟ್, ಹಲವು ದೇಶಗಳ ಮಾಹಿತಿಯನ್ನು ಒಂದೆಡೆ ಸೇರಿಸಿರುವ, ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಘಟನೆಯಾದ ಒಇಸಿಡಿಯ ಗ್ಲೋಬಲ್ ರಿಕಾಲ್ಸ್ ಜಾಲತಾಣಗಳಿವೆ. ಇವು ಯಾವ ದೇಶದಲ್ಲಿ ಕುಳಿತವರಿಗೂ ಉಚಿತವಾಗಿ ತೆರೆದಿವೆ. ವಾಪಸ್ ಪಡೆದ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪ್ರತಿಯೊಂದನ್ನೂ ಎಸೆಯಬೇಕಾಗುವುದಿಲ್ಲ. ಕೆಲವಕ್ಕೆ ಕಂಪನಿ ಉಚಿತವಾಗಿ ಒಂದು ಬಿಡಿಭಾಗ ಕಳಿಸಿ ದೋಷ ಸರಿಪಡಿಸುತ್ತದೆ. ಆ ಭಾಗ ಬಂದು ಜೋಡಣೆಯಾಗುವವರೆಗೆ ಬಳಸಬಾರದು, ಅಷ್ಟೆ.

ಪ್ರಶ್ನೆ: ಗೆಳತಿಯೊಬ್ಬಳು ತನ್ನ ಬ್ರೆಸ್ಟ್ ಪಂಪ್ ಕೊಡುತ್ತೇನೆ ಎನ್ನುತ್ತಾಳೆ. ಬಿಸಿನೀರಿನಲ್ಲಿ ಕುದಿಸಿದರೆ ಸಾಕಲ್ಲವೇ? ಹಾಲಿನ ಬಾಟಲಿಗಳೂ ಇವೆ.

ಉತ್ತರ: ಕುದಿಸಬಹುದಾದ ಭಾಗಗಳಲ್ಲಿ ತೊಂದರೆ ಇರುವುದು ಅಪರೂಪ, ತೊಂದರೆ ಇರುವುದು ಕುದಿಸಲಾಗದ ಮೋಟಾರಿನಲ್ಲಿ. ಎಷ್ಟೋ ಪಂಪುಗಳಲ್ಲಿ ಹಾಲು ಹರಿಯುವ ದಾರಿಗೂ ಮೋಟಾರಿಗೂ ನಡುವೆ ಪೂರ್ತಿ ತಡೆ ಇರುವುದಿಲ್ಲ. ಹಾಲಿನ ಹನಿಗಳು ಗಾಳಿಯ ಜೊತೆ ಒಳಗೆ ಹೋಗಿ ಅಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯ ಬೆಳೆಯುತ್ತವೆ. ಎಚ್‌ಐವಿ, ಸೈಟೊಮೆಗಾಲೊ ವೈರಸ್‌ಗಳು ಎದೆಹಾಲಿನಲ್ಲಿ ಇರಬಲ್ಲವು, ಮತ್ತು ತನಗೆ ಸೋಂಕಿದೆ ಎಂಬುದು ತಾಯಿಗೇ ತಿಳಿದಿಲ್ಲದಿರಬಹುದು. ಒಬ್ಬರ ಬಳಕೆಗೆಂದು ತಯಾರಾದ ಪಂಪನ್ನು ಇನ್ನೊಬ್ಬರು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹೇಳುತ್ತದೆ. ಆಸ್ಪತ್ರೆಗಳಲ್ಲಿ ಹಲವರ ಬಳಕೆಗಾಗಿಯೇ ರೂಪಿಸಿದ ಪಂಪುಗಳಿರುತ್ತವೆ. ಅವುಗಳನ್ನು ಬಾಡಿಗೆಗೆ ತಂದು, ಕೊಳವೆ ಮತ್ತು ಬಟ್ಟಲಿನಂಥ ಭಾಗಗಳನ್ನು ನಿಮಗಾಗಿ ಹೊಸದಾಗಿ ಕೊಂಡು ಬಳಸಬಹುದು. ಇನ್ನೊಂದು ಸಂಗತಿಯೂ ಇದೆ: ಹಳೆಯ ಮೋಟಾರಿನ ಎಳೆತ ಕುಗ್ಗಿದ್ದರೆ ಹಾಲು ಸರಿಯಾಗಿ ಬರುವುದಿಲ್ಲ, ತಾಯಿ ತನ್ನಲ್ಲೇ ಹಾಲು ಕಡಿಮೆಯೆಂದು ಕೊರಗುತ್ತಾಳೆ.

ಬಾಟಲಿ ಗಾಜಿನದಾಗಿದ್ದು ಬಿರುಕಿಲ್ಲದಿದ್ದರೆ ಕುದಿಸಿ ಬಳಸಿ. ಪ್ಲಾಸ್ಟಿಕ್ಕಿನದಾಗಿದ್ದರೆ ಬೇಡ, ಒಳಗಿನ ಗೀರುಗಳಲ್ಲಿ ಕೊಳೆ ನಿಲ್ಲುತ್ತದೆ, ಮತ್ತು ತುಂಬ ಹಳೆಯವು ಬಿಸ್ಫಿನಾಲ್ ಎ ಎಂಬ, ಮಕ್ಕಳಿಗೆ ಹಾನಿಕರವೆಂಬ ಶಂಕೆಯಿರುವ ರಾಸಾಯನಿಕವುಳ್ಳ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆಗಿರಬಹುದು. ಈ ಬಗೆಯ ಹಾಲಿನ ಬಾಟಲಿಗಳನ್ನು ಐರೋಪ್ಯ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ನಿಷೇಧಿಸಿದವು. ನಿಪ್ಪಲ್ ಮತ್ತು ಚೀಪುವ ಸಾಧನಗಳನ್ನು ಎಂದಿಗೂ ಬಳಸಿದ್ದನ್ನು ತರಬೇಡಿ.

ಪ್ರಶ್ನೆ: ತಳ್ಳುಗಾಡಿ ಮತ್ತು ಊಟದ ಎತ್ತರದ ಕುರ್ಚಿಯನ್ನು ಬಳಸಿದ್ದೇ ಕೊಳ್ಳಲು ನಿರ್ಧರಿಸಿದ್ದೇವೆ. ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?

ಉತ್ತರ: ಒಳ್ಳೆಯ ನಿರ್ಧಾರ. ಇವುಗಳಲ್ಲಿ ದೋಷವಿದ್ದರೆ ಬಹುಮಟ್ಟಿಗೆ ಕಣ್ಣಿಗೋ ಕೈಗೋ ಸಿಗುತ್ತದೆ, ಮತ್ತು ಮಗು ಇವುಗಳಲ್ಲಿರುವಾಗ ನೀವೂ ಪಕ್ಕದಲ್ಲೇ ಇರುತ್ತೀರಿ. ತಳ್ಳುಗಾಡಿಯಲ್ಲಿ ಏಳೆಂಟು ಕಿಲೋ ತೂಕದ ಚೀಲವಿಟ್ಟು ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಹಿಡಿಯುತ್ತದೆಯೇ ನೋಡಿ. ಚಕ್ರಗಳನ್ನು ಎಳೆದು ನೋಡಿ. ಕಟ್ಟುವ ಬೆಲ್ಟು ಐದು ಕಡೆಯಿಂದ ಹಿಡಿಯುವಂಥದಾದರೆ ಉತ್ತಮ. ಬಕಲ್ ಕ್ಲಿಕ್ ಎಂದು ಕೂರಬೇಕು, ಜೋರಾಗಿ ಎಳೆದರೂ ಬಿಚ್ಚಬಾರದು. ಅತಿ ಮುಖ್ಯವಾದದ್ದು ಮಡಚುವ ಕೀಲು. ಗಾಡಿಯನ್ನು ಹಲವು ಬಾರಿ ಮಡಚಿ ಬಿಡಿಸಿ, ತೆರೆದಾಗ ಬೀಗ ಪೂರ್ತಿ ಕೂರುತ್ತದೆಯೇ, ಕೀಲಿನ ಸಂದಿನಲ್ಲಿ ಚಿಕ್ಕ ಬೆರಳು ಹೋಗುತ್ತದೆಯೇ ಎಂದು ಗಮನಿಸಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ತಳ್ಳುಗಾಡಿಗಳನ್ನು ವಾಪಸ್ ಪಡೆದದ್ದು ಇದೇ ಕಾರಣಕ್ಕೆ: ಗಾಡಿ ಬಿಡಿಸುವಾಗ ಕೀಲಿಗೆ ಸಿಕ್ಕಿ ಬೆರಳ ತುದಿ ಕತ್ತರಿಸಿಹೋದ 12 ಮಕ್ಕಳ ಪ್ರಕರಣಗಳು ವರದಿಯಾಗಿದ್ದವು. ಯಾವ ಗಾಡಿಯೇ ಆಗಲಿ, ಮಡಚುವಾಗ, ಬಿಡಿಸುವಾಗ ಮಗು ಒಂದು ತೋಳಿನಷ್ಟು ದೂರವಿರಲಿ.

ಕುರ್ಚಿಯ ವಿಷಯ ಚಿಕ್ಕದು. ತಳ ಅಗಲವಿರಬೇಕು, ಹಿಂದಿನಿಂದ ತಳ್ಳಿದರೆ ಸುಲಭವಾಗಿ ವಾಲಬಾರದು, ಮಗು ಕೆಳಗೆ ಜಾರದಂತೆ ಕಾಲುಗಳ ನಡುವೆ ಹಾದುಹೋಗುವ ಪಟ್ಟಿ ಇರಲೇಬೇಕು. ಮುಂದಿನ ತಟ್ಟೆ ಮಗುವನ್ನು ಹಿಡಿದಿಡುತ್ತದೆ ಎಂದು ನಂಬಬೇಡಿ.

ಪ್ರಶ್ನೆ: ಹಿರಿಯ ಮಗಳು ಬಳಸಿದ ವಾಕರ್ ಹಾಗೆಯೇ ಇದೆ. ನಮ್ಮ ಅತ್ತೆಯವರು "ನನ್ನ ಮಕ್ಕಳೆಲ್ಲ ಅದರಲ್ಲೇ ನಡೆಯಲು ಕಲಿತರು, ಯಾರಿಗೂ ಏನೂ ಆಗಲಿಲ್ಲ" ಎನ್ನುತ್ತಾರೆ. ಎರಡನೆಯವನಿಗೂ ಕೊಡಬಹುದೇ?

ಉತ್ತರ: ಕೊಡಬೇಡಿ. ಇಲ್ಲಿ ಸಮಸ್ಯೆ ಹಳೆಯದು, ಹೊಸದು ಎಂಬುದಲ್ಲ. ಚಕ್ರದ ವಾಕರ್ ಹೊಸದಾಗಿದ್ದರೂ ನನ್ನ ಉತ್ತರ ಇದೇ. ಅದರಲ್ಲಿ ಕೂತ ಮಗು ಹಿರಿಯರು ಓಡಿ ತಲುಪುವುದಕ್ಕಿಂತ ಬೇಗ ಮೆಟ್ಟಿಲಿನ ಅಂಚಿಗೆ ಹೋಗುತ್ತದೆ, ನೆಲದ ಮೇಲಿದ್ದಾಗ ಕೈಗೆಟುಕದ ಬಿಸಿ ಪಾತ್ರೆ ಆಗ ಎಟುಕುತ್ತದೆ. ಕೆನಡಾ 2004ರ ಏಪ್ರಿಲಿನಲ್ಲಿ ವಾಕರ್‌ಗಳ ಮಾರಾಟ, ಆಮದು ಮತ್ತು ಜಾಹೀರಾತನ್ನೇ ನಿಷೇಧಿಸಿತು. ಅಲ್ಲಿ ಬಳಸಿದ ವಾಕರನ್ನು ಮನೆಯಂಗಳದಲ್ಲಿಟ್ಟು ಮಾರುವುದೂ ಕಾನೂನಿಗೆ ವಿರುದ್ಧ. ನಡಿಗೆಗೆ ಅದು ನೆರವಾಗುವುದೂ ಇಲ್ಲ. ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ, ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳ ಮನೆಯವರಿಗೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ. ಅತ್ತೆಯವರೊಡನೆ ವಾದ ಮಾಡುವುದಕ್ಕಿಂತ ನೆಲದ ಮೇಲೊಂದು ಚಾಪೆ ಹಾಸಿ, ಮೊಮ್ಮಗನ ಜೊತೆ ಅಲ್ಲಿ ಕೂರುವ ಕೆಲಸವನ್ನು ಅವರಿಗೇ ಒಪ್ಪಿಸುವುದು ಲೇಸು.

ಪ್ರಶ್ನೆ: ಬಂಧುಗಳು ಒಂದು ಪೆಟ್ಟಿಗೆ ತುಂಬ ಆಟಿಕೆ, ಇನ್ನೊಂದರ ತುಂಬ ಬಟ್ಟೆ ಕಳಿಸಿದ್ದಾರೆ. ಹೇಗೆ ಶುಚಿಗೊಳಿಸಲಿ? ತಿಗಣೆ ಬಂದುಬಿಟ್ಟರೆ ಎಂಬ ಭಯವೂ ಇದೆ.

ಉತ್ತರ: ಪೆಟ್ಟಿಗೆಗಳನ್ನು ಮಲಗುವ ಕೋಣೆಗೆ ಒಯ್ಯದೆ ಹೊರಗಡೆಯೇ ತೆರೆಯಿರಿ. ಬಟ್ಟೆಗಳನ್ನೂ ಬಟ್ಟೆಯ ಗೊಂಬೆಗಳನ್ನೂ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದರೆ, ಇಲ್ಲವೇ ಡ್ರೈಯರಿನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ತಿಗಣೆಗಳೂ ಅವುಗಳ ಮೊಟ್ಟೆಗಳೂ ಸಾಯುತ್ತವೆ. ಕೀಟನಾಶಕವನ್ನು ಮಗುವಿನ ಸಾಮಾನಿನ ಮೇಲೆ ಸಿಂಪಡಿಸಬೇಡಿ. ಬಟ್ಟೆಯ ಮಟ್ಟಿಗೆ ಇನ್ನು ಉಳಿದದ್ದು ಇಷ್ಟೇ: ಕೊರಳಿನ ಬಳಿಯ ದಾರಗಳನ್ನು ಎಳೆದು ತೆಗೆದುಬಿಡಿ, ಸಡಿಲ ಗುಂಡಿಗಳನ್ನು ಬಿಗಿಯಾಗಿ ಹೊಲಿಯಿರಿ.

ಆಟಿಕೆಗಳನ್ನು ಒಂದೊಂದಾಗಿ ನೋಡಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಿಗೆ ಸಿಕ್ಕುವಂಥ ವಸ್ತುಗಳನ್ನು ಗುರುತಿಸಲು ಪರೀಕ್ಷಾಲಯಗಳಲ್ಲಿ 31.7 ಮಿಲಿಮೀಟರ್ ವ್ಯಾಸದ ಕೊಳವೆ ಬಳಸುತ್ತಾರೆ. ಮನೆಯಲ್ಲಿ ಟಿಶ್ಯೂ ಪೇಪರ್ ಸುರುಳಿಯ ಒಳಗಿನ ಕಾಗದದ ಕೊಳವೆ ಸಾಕು. ಅದು ತುಸು ಅಗಲವಿರುವುದರಿಂದ ಇನ್ನಷ್ಟು ಎಚ್ಚರಿಕೆಯ ಅಳತೆಯಾಯಿತು. ಅದರೊಳಗೆ ತೂರುವುದೆಲ್ಲ ಪಕ್ಕಕ್ಕೆ ಹೋಗಲಿ. ಹೊಳೆಯುವ, ಹಾಡುವ ಆಟಿಕೆಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ನುಂಗಿದ ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟ ಗಾಯ ಮಾಡಬಲ್ಲದು. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆಟಿಕೆ ಬೇಡ. ಮಗು ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಆಯಸ್ಕಾಂತದ ಚೂರುಗಳೂ ಹೀಗೆಯೇ: ಎರಡು ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡುತ್ತವೆ. ಬಣ್ಣ ಏಳುತ್ತಿರುವ ಆಟಿಕೆಗಳನ್ನೂ, ಅಂಟಂಟಾಗಿರುವ ಹಳೆಯ ಮೆದು ಪ್ಲಾಸ್ಟಿಕ್ಕಿನವನ್ನೂ ಬಿಡಿ. ಸೀಸಕ್ಕೂ, ಪ್ಲಾಸ್ಟಿಕ್ ಮೃದುಗೊಳಿಸುವ ಥಾಲೇಟ್ ರಾಸಾಯನಿಕಗಳಿಗೂ ಅಮೆರಿಕದಲ್ಲಿ ಕಟ್ಟುನಿಟ್ಟಿನ ಮಿತಿ ಬಂದದ್ದು 2008ರ ಕಾನೂನಿನಿಂದ. ಅದಕ್ಕೂ ಹಿಂದಿನ ಆಟಿಕೆಗಳು ಕಪಾಟಿನ ಮೇಲೆ ನೆನಪಿಗಾಗಿ ಇದ್ದರೆ ಸಾಕು. ಹಿಂಡಿದರೆ ನೀರು ಚಿಮ್ಮಿಸುವ ಸ್ನಾನದ ಆಟಿಕೆಗಳ ಒಳಗೆ ಬೂಷ್ಟು ಇಲ್ಲದಿರುವುದು ಅಪರೂಪ. ಉಳಿದ ಗಟ್ಟಿ ಪ್ಲಾಸ್ಟಿಕ್ ಮತ್ತು ಮರದ ಆಟಿಕೆಗಳನ್ನು ಸಾಬೂನು ನೀರಿನಲ್ಲಿ ತೊಳೆದು ಅಥವಾ ಒರೆಸಿ, ಬಿಸಿಲಿನಲ್ಲಿ ಒಣಗಿಸಿ ಸಂತೋಷವಾಗಿ ಕೊಡಿ.

ಪ್ರಶ್ನೆ: ನಾವು ಬಳಸಿದ್ದನ್ನು ಬೇರೆಯವರಿಗೆ ಕೊಡುವಾಗ ನಮ್ಮ ಹೊಣೆ ಏನು?

ಉತ್ತರ: ಕೊಳ್ಳುವಾಗ ನೀವು ಕೇಳಬೇಕೆಂದಿದ್ದ ಎಲ್ಲವನ್ನೂ ಕೊಡುವಾಗ ಕೇಳದೆಯೇ ತಿಳಿಸುವುದು. ಕೈಪಿಡಿ, ಉಳಿದ ಸ್ಕ್ರೂಗಳು, ಕೊಂಡ ರಸೀತಿ ಇದ್ದರೆ ಒಂದು ಲಕೋಟೆಯಲ್ಲಿ ಹಾಕಿ ವಸ್ತುವಿಗೇ ಕಟ್ಟಿ. ಏನಾದರೂ ರಿಪೇರಿ ಮಾಡಿದ್ದರೆ ಬರೆದು ಕೊಡಿ. ಅಪಘಾತವಾದ ಕಾರ್ ಸೀಟ್, ಅವಧಿ ಮುಗಿದ ಸೀಟ್, ಜಾರುವ ಕಟಕಟೆಯ ಮಂಚ ಇವುಗಳನ್ನು ಯಾರಿಗೂ ಕೊಡಬೇಡಿ, ಹಾಗೆಯೇ ಕಸಕ್ಕೂ ಇಡಬೇಡಿ. ರಸ್ತೆಬದಿಯಲ್ಲಿಟ್ಟ ಗಟ್ಟಿ ಸಾಮಾನನ್ನು ಎತ್ತಿಕೊಂಡು ಹೋಗುವವರು ಇದ್ದೇ ಇರುತ್ತಾರೆ. ಸೀಟಿನ ಬೆಲ್ಟುಗಳನ್ನು ಕತ್ತರಿಸಿ, ಬಟ್ಟೆ ಕಿತ್ತು, ಕವಚದ ಮೇಲೆ ಅಳಿಸಲಾಗದ ಶಾಯಿಯಿಂದ "ಬಳಸಬಾರದು" ಎಂದು ಬರೆಯಿರಿ. ಮಂಚವನ್ನು ಬಿಚ್ಚಿ, ಕಟಕಟೆಯನ್ನು ಗರಗಸದಿಂದ ತುಂಡು ಮಾಡಿ, ಸ್ಕ್ರೂಗಳನ್ನು ಬೇರೆಯಾಗಿ ವಿಲೇವಾರಿ ಮಾಡಿ.